ಒಂದೇ ಹೊಗೆ, ಎರಡು ಎದೆ

ಕಾಳಿ ನದಿಯ ದಡದಲ್ಲಿ, ದಾಂಡೇಲಿಗೆ ಹೊಂದಿಕೊಂಡಂತಿರುವ ಮೌಳಂಗಿಯಲ್ಲಿ ಒಂದು ಚಳಿಗಾಲದ ಬೆಳಗ್ಗೆ ಪರಿಚಿತರ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಒಳಗೆ ಒಂದೇ ಒಲೆಯ ಮುಂದೆ ಇಬ್ಬರು ನೆಗೆಣ್ಣಿಯರು ರೊಟ್ಟಿ ಮಾಡುತ್ತಿದ್ದರು. ಅವರ ಮಕ್ಕಳಿಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಒಬ್ಬ ಅಂಗಳದಲ್ಲಿ ಓಡುತ್ತಿದ್ದ. ಇನ್ನೊಬ್ಬ ಕಂಬಕ್ಕೆ ಒರಗಿ ಏದುಸಿರು ಬಿಡುತ್ತಿದ್ದ. 'ಇಬ್ಬರೂ ಒಂದ ಹೊಗ್ಯಾಗ ಬೆಳದಾರ್ರೀ ಸಾಹೇಬ್ರ, ಇವಗೊಬ್ಬಗ ಯಾಕ ಈ ದಮ್ಮು?' ಎಂದು ತಾಯಿ ಕೇಳಿದರು. ಅರ್ಥಶಾಸ್ತ್ರ ಓದಿ ಸರ್ಕಾರಿ ಕಡತಗಳಲ್ಲಿ ಆಯುಷ್ಯ ಕಳೆದ ನನ್ನ ಬಳಿ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೆ ಓದತೊಡಗಿದೆ.

ಹೊಗೆಯೊಡನೆ ಒಳಹೊಕ್ಕ ವಿಷವಸ್ತುಗಳನ್ನು ನಿರ್ವಿಷಗೊಳಿಸಲು ನಮ್ಮ ದೇಹದಲ್ಲಿ ಕಿಣ್ವಗಳ ಒಂದು ಪಡೆಯೇ ಇದೆ. ಅವುಗಳಲ್ಲಿ ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಎಂಬ ಕುಟುಂಬ ಮುಖ್ಯವಾದುದು. ಇದರ ಸದಸ್ಯ ಕಿಣ್ವವೊಂದನ್ನು ರೂಪಿಸುವ ಜಿಎಸ್‌ಟಿಎಂ1 ವಂಶವಾಹಿ (ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ) ಅನೇಕರಲ್ಲಿ ಇಡಿಯಾಗಿ ಅಳಿಸಿಹೋಗಿರುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಅಳಿಸಿದ ಪ್ರತಿಯೇ ಬಂದರೆ ಮಗುವಿನಲ್ಲಿ ಆ ಕಿಣ್ವವೇ ಇರುವುದಿಲ್ಲ. ಐರೋಪ್ಯರಲ್ಲಿ ಸುಮಾರು ಅರ್ಧದಷ್ಟು ಜನ ಹೀಗಿದ್ದಾರೆ. ಅಣ್ಣತಮ್ಮಂದಿರ ಮಕ್ಕಳಾದರೂ ತಾಯಂದಿರು ಬೇರೆ ಬೇರೆ ಮನೆತನದವರು. ಆದ್ದರಿಂದ ಒಬ್ಬನಿಗೆ ದಕ್ಕಿದ ಪ್ರತಿ ಇನ್ನೊಬ್ಬನಿಗೆ ದಕ್ಕದಿರಬಹುದು. ಮೌಳಂಗಿಯ ಹುಡುಗನಲ್ಲೂ ಹೀಗೇ ಆಗಿದೆಯೆಂದು ನಾನು ಹೇಳಲಾರೆ. ಅವನನ್ನು ಯಾರೂ ಪರೀಕ್ಷಿಸಿಲ್ಲ.

ಈ ಕಿಣ್ವವಿಲ್ಲದಿರುವುದೇ ರೋಗವೂ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಈ ವಂಶವಾಹಿಗಳಿಗೂ ಅಸ್ತಮಾಕ್ಕೂ ನೇರ ನಂಟಿದೆ ಎನ್ನಲು ಪುರಾವೆ ದುರ್ಬಲವೆಂದೇ ಹೇಳಿತು. ನಂಟು ಗೋಚರಿಸುವುದು ಹೊಗೆ ಜೊತೆಗೂಡಿದಾಗ. ದಕ್ಷಿಣ ಕ್ಯಾಲಿಫೋರ್ನಿಯಾದ ಶಾಲಾಮಕ್ಕಳ ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭದಲ್ಲಿದ್ದಾಗ ತಾಯಿಯ ಸಿಗರೇಟಿನ ಹೊಗೆಗೆ ಒಳಗಾದ ಮಕ್ಕಳ ಪೈಕಿ ಜಿಎಸ್‌ಟಿಎಂ1 ಇಲ್ಲದವರಲ್ಲಿ ಅಸ್ತಮಾ ಹೆಚ್ಚಿತ್ತು. ಇದ್ದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ.

ಹಾಗಾದರೆ ದೋಷ ರಕ್ತದ್ದೇ? ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳ ದಾಖಲೆಗಳಿಂದ ಕಂಡುಕೊಂಡಂತೆ, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಅದನ್ನು ಇಡೀ ನಗರಕ್ಕೆ ಅನ್ವಯಿಸಲಾಗದು, ನಿಜ. ಆದರೂ ಇಪ್ಪತ್ತು ವರ್ಷಗಳಲ್ಲಿ ಒಂದು ಊರಿನ ವಂಶವಾಹಿಗಳು ಬದಲಾಗುವುದಿಲ್ಲ, ಬದಲಾಗುವುದು ಗಾಳಿ.

ನಮ್ಮ ಆಡಳಿತಕ್ಕೆ ಸರಾಸರಿಯ ಮೇಲೆ ಅಪಾರ ಮೋಹ. ತಲಾ ಆದಾಯದಿಂದ ತಲಾ ನೀರಿನವರೆಗೆ ಎಲ್ಲವನ್ನೂ ನಾನೂ ಹಾಗೆಯೇ ಅಳೆದವನು. ಆದರೆ ಸರಾಸರಿ ಶ್ವಾಸಕೋಶ ಎಂಬುದು ಎಲ್ಲಿಯೂ ಇಲ್ಲ. 2009ರಲ್ಲಿ ನಾವು ಪಿಎಂ 2.5 ಸೂಕ್ಷ್ಮ ಕಣಗಳಿಗೆ ಘನ ಮೀಟರ್‌ಗೆ 40 ಮೈಕ್ರೋಗ್ರಾಂ ಎಂಬ ವಾರ್ಷಿಕ ಮಿತಿ ಹಾಕಿಕೊಂಡೆವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ಅಷ್ಟಕ್ಕೂ ಗಾಳಿಯನ್ನು ಅಳೆಯುವ ಯಂತ್ರಗಳಿರುವುದು ನಗರದ ವೃತ್ತಗಳಲ್ಲಿ, ಅಡುಗೆಮನೆಯಲ್ಲಲ್ಲ. ಮಕ್ಕಳ ವಂಶವಾಹಿಗಳನ್ನು ಪರೀಕ್ಷಿಸಿ ದುರ್ಬಲರನ್ನು ಗುರುತಿಸೋಣ ಎಂಬ ಸಲಹೆ ಕೇಳಲು ಆಧುನಿಕವಾಗಿದೆ. ಗುರುತಿಸಿ ಮಾಡುವುದೇನು? ಆ ಮಗುವಿಗೆ ಬೇರೆ ಗಾಳಿ ಕೊಡಲು ಬರುತ್ತದೆಯೇ? ಉಸಿರಿನ ಮಿತಿಯನ್ನು ನಿಗದಿಪಡಿಸಬೇಕಾದದ್ದು ಕಿಣ್ವವಿಲ್ಲದ ಮಗುವನ್ನು ಲೆಕ್ಕಕ್ಕೆ ಹಿಡಿದೇ.

ಉಜ್ವಲಾ ಯೋಜನೆ ಆರಂಭವಾದದ್ದು 2016ರಲ್ಲಿ. ಮೌಳಂಗಿಯ ಆ ಮನೆಯಲ್ಲೂ ಗ್ಯಾಸ್ ಸಿಲಿಂಡರ್ ಇತ್ತು. ನನಗೆ ಚಹಾ ಕಾಸಿದ್ದು ಅದರಲ್ಲೇ. ರೊಟ್ಟಿಗೂ ಸ್ನಾನದ ನೀರಿಗೂ ಕಟ್ಟಿಗೆ. ಏಕೆಂದು ಕೇಳಿದೆ. 'ತುಂಬಿಸಾಕ ರೊಕ್ಕ ಬೇಕಲ್ರೀ' ಎಂದರು, ಊದುಗೊಳವೆ ಕೈಗೆತ್ತಿಕೊಳ್ಳುತ್ತ.