ಹಿನ್ನೆಲೆ ಮಂಕಾದರೆ ಬಟನ್ನೂ ಮಂಕಾಗುವುದೇಕೆ?

ಆ್ಯಪ್‌ನಲ್ಲಿ ಪಾಪ್‌ಅಪ್ ಮೂಡಿದಾಗ ಹಿಂದಿನ ಪುಟ ಕಪ್ಪಾಗಿ ಮಸುಕಾಗಬೇಕು, ಮುಂದಿನ ಬರಹ ಎದ್ದು ಕಾಣಬೇಕು. ಆದರೆ ಎಷ್ಟೋ ಆ್ಯಪ್‌ಗಳಲ್ಲಿ ಆ ಕಪ್ಪು ತೆರೆಯ ಜೊತೆಗೆ ‘ಹಣ ಕಳುಹಿಸಿ’ ಬಟನ್ನೂ ಅದರ ಮೇಲಿನ ಅಕ್ಷರವೂ ಮಂಕಾಗಿರುತ್ತವೆ. ಕಾರಣ, ಆಲ್ಫಾ (0 ಎಂದರೆ ಪೂರ್ತಿ ಪಾರದರ್ಶಕ, 1 ಎಂದರೆ ಪೂರ್ತಿ ಸ್ಪಷ್ಟ ಎಂಬ ಅಳತೆ) ಬಗೆಗಿನ ತಪ್ಪು ತಿಳಿವಳಿಕೆ.

ತಪ್ಪು ಕಲ್ಪನೆ: ಒಳಗಿನ ವ್ಯೂಗೆ (ಬಟನ್‌ನಂಥ ಪರದೆಯ ಘಟಕಕ್ಕೆ) ಆಲ್ಫಾ 1 ಎಂದು ಬರೆದರೆ ಅದು ಪೂರ್ತಿ ಸ್ಪಷ್ಟವಾಗುತ್ತದೆ.

ಸತ್ಯ: ಆಗುವುದಿಲ್ಲ. ಐಒಎಸ್ ಇರಲಿ, ಆಂಡ್ರಾಯ್ಡ್ ಇರಲಿ, ಹೊರಗಿನ ವ್ಯೂನ ಆಲ್ಫಾ ತನ್ನೊಳಗಿರುವ ಎಲ್ಲದಕ್ಕೂ ತಗಲುತ್ತದೆ. ಎರಡನ್ನೂ ಗುಣಿಸಿ ಬಂದದ್ದೇ ಕಣ್ಣಿಗೆ ಕಾಣುವುದು. ಹೊರಗೆ 0.5, ಒಳಗೆ 0.8 ಇದ್ದರೆ ಕಾಣುವುದು 0.4. ಒಳಗೆ 1 ಇದ್ದರೂ 0.5 ದಾಟದು. ದಾರಿ ತಪ್ಪಿಸುವ ಸಂಗತಿ ಇನ್ನೊಂದಿದೆ: ಕೋಡ್‌ನಲ್ಲಿ ಪರೀಕ್ಷಿಸಿದರೆ ಬಟನ್‌ನ ಆಲ್ಫಾ 1 ಎಂದೇ ಇರುತ್ತದೆ. ಹಾಗಾಗಿ ಹೊಸಬರು ದೋಷವನ್ನು ಬಟನ್‌ನಲ್ಲೇ ಹುಡುಕುತ್ತಾ ಕೂರುತ್ತಾರೆ.

ಪರಿಹಾರ ಸರಳ. ಹೊರಗಿನ ವ್ಯೂನ ಆಲ್ಫಾವನ್ನು 1ರಲ್ಲೇ ಬಿಟ್ಟು, ಅದರ ಹಿನ್ನೆಲೆ ಬಣ್ಣವನ್ನು ಮಾತ್ರ ಪಾರದರ್ಶಕ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ #80000000 ಎಂದರೆ ಅರೆಪಾರದರ್ಶಕ ಕಪ್ಪು. ಮೊದಲ ಎರಡು ಅಂಕೆಗಳೇ ಆಲ್ಫಾ. 80 ಎಂಬ ಹೆಕ್ಸ್ ಸಂಖ್ಯೆ 255ರಲ್ಲಿ 128, ಅಂದರೆ ಸುಮಾರು ಅರ್ಧ. ವೆಬ್‌ನ ಎಂಟಂಕಿ ಬಣ್ಣಗಳಲ್ಲಿ ಆಲ್ಫಾ ಕೊನೆಗೆ ಬರುತ್ತದೆ. ಹಾಗಾಗಿ ಡಿಸೈನರ್ ವೆಬ್ ರೀತಿಯಲ್ಲಿ ಕೊಟ್ಟ ಸಂಖ್ಯೆಯನ್ನು ಆಂಡ್ರಾಯ್ಡ್‌ಗೆ ಹಾಗೇ ಅಂಟಿಸಿದರೆ ಬಣ್ಣವೇ ಬೇರೆಯಾದೀತು. ಹಿನ್ನೆಲೆಯಲ್ಲಿ ಚಿತ್ರವಿದ್ದರೆ ಬಟನ್ನನ್ನು ಆ ಚಿತ್ರದ ವ್ಯೂ ಒಳಗೆ ಸೇರಿಸಬೇಡಿ. ಎರಡನ್ನೂ ಒಂದೇ ಫ್ರೇಮ್‌ ಲೇಔಟ್‌ನಲ್ಲಿ ಒಂದೇ ಹಂತದ ವ್ಯೂಗಳಾಗಿ ಇಟ್ಟು, ಬಟನ್ ಮೇಲೆ ಬರುವಂತೆ ಜೋಡಿಸಿ, ಚಿತ್ರಕ್ಕಷ್ಟೇ ಆಲ್ಫಾ ಕೊಡಿ.

ತಪ್ಪು ಕಲ್ಪನೆ: ಆಲ್ಫಾ 0 ಆದರೆ ವ್ಯೂ ಅಲ್ಲಿ ಇಲ್ಲದಂತೆಯೇ.

ಸತ್ಯ: ಕಾಣುವುದಿಲ್ಲ, ಆದರೆ ಲೇಔಟ್‌ನಲ್ಲಿ ಅದರ ಜಾಗ ಹಾಗೇ ಉಳಿಯುತ್ತದೆ. ಸ್ಪರ್ಶದ ವಿಷಯದಲ್ಲಿ ಎಲ್ಲ ವ್ಯವಸ್ಥೆಗಳೂ ಒಂದೇ ಥರ ಇಲ್ಲ. ಐಒಎಸ್‌ನಲ್ಲಿ ಆಲ್ಫಾ 0.01ಕ್ಕಿಂತ ಕಡಿಮೆಯಾದ ವ್ಯೂ ಬೆರಳಿಗೆ ಸ್ಪಂದಿಸದು. ಆಂಡ್ರಾಯ್ಡ್‌ನಲ್ಲಿ 0 ಆದರೂ ಸ್ಪಂದಿಸುತ್ತದೆ. ಕಾಣದ ಬಟನ್ ಮೇಲೆ ಬೆರಳು ಬಿದ್ದು ಬೇಡದ ಕೆಲಸ ನಡೆದುಹೋಗಬಹುದು. ಹಾಗಾಗಿ ಆಂಡ್ರಾಯ್ಡ್‌ನಲ್ಲಿ ವಿಸಿಬಿಲಿಟಿಯನ್ನು ‘ಇನ್‌ವಿಸಿಬಲ್’ ಮಾಡಿ, ಜಾಗವೂ ಬೇಡವೆಂದರೆ ‘ಗಾನ್’ ಮಾಡಿ. ಆ್ಯಪ್ ಕಟ್ಟುವ ಸಾಧನವಾದ ಫ್ಲಟರ್‌ನ ಒಪಾಸಿಟಿ ವಿಜೆಟ್ಟೂ ಸ್ಪರ್ಶವನ್ನು ತಡೆಯುವುದಿಲ್ಲ, ಅದಕ್ಕೆ ಇಗ್ನೋರ್‌ಪಾಯಿಂಟರ್ ಬೇಕು.

ತಪ್ಪು ಕಲ್ಪನೆ: ಮುಖ್ಯವಲ್ಲದ ಬರಹಕ್ಕೆ ಆಲ್ಫಾ ಅರ್ಧ ಮಾಡಿದರೆ ಯಾರಿಗೂ ತೊಂದರೆಯಿಲ್ಲ.

ಸತ್ಯ: ಬಿಳಿಯ ಮೇಲಿನ ಕಪ್ಪಕ್ಷರ 0.5 ಆಲ್ಫಾದಲ್ಲಿ ಬೂದುಬಣ್ಣಕ್ಕೆ ತಿರುಗಿ, ಅದರ ಕಾಂಟ್ರಾಸ್ಟ್ ಸುಮಾರು 4:1ಕ್ಕೆ ಇಳಿಯುತ್ತದೆ. ಬರಹ ಎಲ್ಲರಿಗೂ ಓದಲು ಎಟುಕಬೇಕೆಂಬ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಮಟ್ಟ ಸಾಮಾನ್ಯ ಗಾತ್ರದ ಬರಹಕ್ಕೆ ಕೇಳುವುದು ಕನಿಷ್ಠ 4.5:1. ಶುಲ್ಕ, ಷರತ್ತು, ಕೊನೆಯ ದಿನಾಂಕದಂಥವನ್ನು ಹೀಗೆ ಮಂಕಾಗಿಸಿದರೆ ಕಣ್ಣು ಮಂದವಾದ ಹಿರಿಯರು ಓದಲಾಗದೆ ಒಪ್ಪಿಗೆ ಒತ್ತುತ್ತಾರೆ. ಇದು ಅವರಿಗೆ ಮಾಡುವ ಅನ್ಯಾಯ. ಆ್ಯಪ್ ಬಿಡುಗಡೆಗೆ ಮುನ್ನ ಫೋನನ್ನು ಒಮ್ಮೆ ಬಿಸಿಲಿಗೆ ಹಿಡಿದು, ಆ ಸಾಲುಗಳನ್ನು ನೀವೇ ಓದಿ ನೋಡಿ.