ಮರಕುಂಬಿ: ಜೀವಾವಧಿ ಆತು, ಜಾಮೀನೂ ಸಿಕ್ತು. ಹೆಂಗ?

ರೊಕ್ಕ ಬಿಚ್ಚಿದ್ರ ವಕೀಲ್ರು ಯಾರನ್ನ ಬೇಕಾದ್ರೂ ಬಿಡಿಸ್ಕೊಂಡು ಬರ್ತಾರ. ಗಂಗಾವತಿಯಿಂದ ಕುಷ್ಟಗಿ, ಯಲಬುರ್ಗಾ ತನಕ ಚಾದಂಗಡ್ಯಾಗ ಈ ಮಾತು ಕೇಳಿರ್ತೀರಿ. ಮರಕುಂಬಿ ಕೇಸ್ ತಗೊಂಡು ನೋಡೋಣ್ರಿ.

2014ರ ಆಗಸ್ಟ್ 28. ಗಂಗಾವತಿ ತಾಲ್ಲೂಕಿನ ಮರಕುಂಬಿಯಾಗ ದಲಿತರ ಮ್ಯಾಲೆ ಹಲ್ಲೆ, ಗುಡಿಸಲಿಗೆ ಬೆಂಕಿ. ಹತ್ತು ವರ್ಷ ಕೇಸ್ ನಡೀತು. 2024ರ ಅಕ್ಟೋಬರ್ 24ಕ್ಕ ಕೊಪ್ಪಳ ಜಿಲ್ಲಾ ಮತ್ತು ಸೆಷನ್ಸ್ ಕೋರ್ಟ್ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ತು. ಇನ್ನ ಮೂವರಿಗೆ 5 ವರ್ಷ ಅಷ್ಟ.

ಅವರಿಗ್ಯಾಕ ಕಡಿಮಿ? ವಕೀಲರ ಕೈಚಳಕ ಅಲ್ರಿ. ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಮು ಪರಿಶಿಷ್ಟ ಜಾತಿ, ಪಂಗಡಕ್ಕ ಸೇರದವರಿಗೆ ಮಾತ್ರ ಅನ್ವಯ. ಆ ಮೂವರು ಸ್ವತಃ ಪರಿಶಿಷ್ಟರು. ಹಂಗಾಗಿ ದಂಡ ಸಂಹಿತೆಯ ಶಿಕ್ಷೆ ಮಾತ್ರ ಬಿತ್ತು. ಅದೇ ಕಾಯ್ದೆ, ದಲಿತರ ಮನಿ ಸುಡಾಕ ಬೆಂಕಿ ಹಚ್ಚಿದ್ರ ಜೀವಾವಧಿ ಅಂತ ಬರದೈತಿ.

ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ತು. "ಕೇಸ್ ಖುಲಾಸ್ ಆತು" ಅನಬ್ಯಾಡ್ರಿ. ಅಪೀಲು ಮುಗಿಯೋತನಕ ಶಿಕ್ಷೆ ಅಮಾನತಿನ್ಯಾಗ ಇಡೋದದು. ಜಾಮೀನು ಸಿಕ್ತು ಅಂದ್ರ ತೀರ್ಪು ರದ್ದಾಗಂಗಿಲ್ಲ.

ಖರೆ, ಹತ್ತು ವರ್ಷ ಕಾದವರಿಗೆ ಈ ವ್ಯತ್ಯಾಸ ಹೇಳಿದ್ರ ಸಮಾಧಾನ ಆಗಂಗಿಲ್ಲ. ಸಿಟ್ಟು ಬರಬೇಕಾದ್ದು ಆ ತಡದ ಮ್ಯಾಲೆ ಅಂತೀನಿ ನಾ.

ಇನ್ನೊಂದು. ಇದೇ ಕಾಯ್ದೆಯ 15ಎ ಪ್ರಕಾರ ಜಾಮೀನು ವಿಚಾರಣೆಯಾಗ ಸಂತ್ರಸ್ತರ ಮಾತನ್ನೂ ಕೋರ್ಟ್ ಕೇಳಬೇಕು. ವಕೀಲರಿಗೆ ಕೊಡಾಕ ರೊಕ್ಕ ಇಲ್ಲೇನ್ರಿ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಪುಕ್ಕಟೆ ವಕೀಲರು ಸಿಗ್ತಾರ. ಪರಿಶಿಷ್ಟರಿಗೆ, ಹೆಣ್ಮಕ್ಕಳಿಗೆ ಆದಾಯದ ಮಿತಿನೂ ಇಲ್ಲ. ಫೋನ್ ನಂಬರ್ 15100.