ಅರ್ಘ್ಯಾಧಿಪತಿ ಯಾರು?

ಯುಗಾದಿಯ ಸಂಜೆ ದೇವಸ್ಥಾನದ ಜಗುಲಿಯಲ್ಲಿ ಪಂಚಾಂಗ ಓದುವಾಗ ನಾನು ಕಾದು ಕೂರುವುದು ಒಂದೇ ಹೆಸರಿಗೆ. ಪ್ರತಿ ಸಂವತ್ಸರಕ್ಕೂ ಒಂಬತ್ತು ಮಂದಿ ನಾಯಕರು. ರಾಜ, ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ, ಧಾನ್ಯಾಧಿಪತಿ, ಮೇಘಾಧಿಪತಿ, ರಸಾಧಿಪತಿ, ನೀರಸಾಧಿಪತಿ. ಇವರ ನಡುವೆ ಎಲ್ಲೋ ಒಂದು ಕಡೆ ಅರ್ಘ್ಯಾಧಿಪತಿ ಬಂದುಹೋಗುತ್ತಾನೆ. ಅರ್ಘ ಎಂದರೆ ಬೆಲೆ. ವರ್ಷದ ಬೆಲೆಗಳಿಗೆಲ್ಲ ಅವನು ಒಡೆಯ. ಓದುವವರು ಅವನನ್ನು ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾರೆ. ಕೇಳುವವರಿಗೆ ತಮ್ಮ ರಾಶಿಯ ಆಯ-ವ್ಯಯದ ಅವಸರ.

2026ರ ಮಾರ್ಚ್ 19ರ ಗುರುವಾರ ಪರಾಭವ ಸಂವತ್ಸರದ ಹುಟ್ಟು. ಹೆಸರು ಕೇಳಿಯೇ ಅಳುಕುವವರಿದ್ದಾರೆ. ಹಳೇ ಮೈಸೂರಿನ ಜನಕ್ಕೆ ಸಂವತ್ಸರದ ಹೆಸರು ಕ್ಯಾಲೆಂಡರಿನ ಮೂಲೆಯಲ್ಲಿ ಉಳಿದ ಅಕ್ಷರವಾಗಿರಲಿಲ್ಲ. 1876ರಿಂದ 1878ರವರೆಗಿನ ಘೋರ ಕ್ಷಾಮವನ್ನು ನಮ್ಮ ಹಿರಿಯರು ಇಸವಿಯಿಂದ ನೆನೆಯಲಿಲ್ಲ, ಧಾತು-ಈಶ್ವರದ ಬರ ಎಂದೇ ನೆನೆದರು. ಮೈಸೂರು ಸೀಮೆ ಲಕ್ಷಗಟ್ಟಲೆ ಜೀವ ಕಳೆದುಕೊಂಡ ಆ ಬರವೇ ಸರ್ಕಾರವನ್ನು ಇನ್ನೊಂದು ಬಗೆಯ ವರ್ಷಫಲಕ್ಕೆ ದೂಡಿತು. 1875ರಲ್ಲಿ ಶುರುವಾಗಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಬ್ಲಾನ್‌ಫರ್ಡ್, ಹಿಮಾಲಯದ ಮೇಲೆ ಎಷ್ಟು ಹಿಮ ಬಿದ್ದಿದೆ ಎಂದು ನೋಡಿ ಮುಂಗಾರು ಹೇಗಿರುತ್ತದೆ ಎಂದು ಹೇಳತೊಡಗಿದರು. 1886ರಿಂದ ಅದು ವರ್ಷವರ್ಷದ ಪದ್ಧತಿಯಾಯಿತು. ಪಂಚಾಂಗದವರು ಸೂರ್ಯ ಯಾವ ವಾರ ಯಾವ ರಾಶಿ ಹೊಕ್ಕ ಎಂದು ಎಣಿಸಿದರೆ, ಇವರು ಹಿಮ ಎಣಿಸಿದರು. ಇಬ್ಬರೂ ಮಳೆಯನ್ನು ಹೇಳಲು ಹೊರಟರು. ಬೆಲೆ ಹೇಳಲು ಇಬ್ಬರಿಗೂ ಆಗಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಬರುವ ವರ್ಷವನ್ನು ಊಹಿಸುವುದೆಂದರೆ ಮೊದಲು ಹೊಗೆಸೊಪ್ಪನ್ನು ಊಹಿಸುವುದು. ದರ ಚೆನ್ನಾಗಿದ್ದರೆ ಸಂಕ್ರಾಂತಿಯ ಆಚೆ ಈಚೆ ಬೈಕಿನಂಗಡಿ, ಚಿನ್ನದಂಗಡಿ, ಟ್ರ್ಯಾಕ್ಟರ್ ಷೋರೂಮು ಎಲ್ಲ ತುಂಬುತ್ತವೆ. ಮದುವೆಯ ಛತ್ರದ ಬಾಡಿಗೆಯೂ ಏರುತ್ತದೆ. ದರ ಬಿದ್ದರೆ ಅದೇ ಅಂಗಡಿಗಳಲ್ಲಿ ಕಂತು ಕಟ್ಟಲಾಗದವರ ಮಾತು. ಹೊಸ ಮೊಬೈಲು ಬರುತ್ತದೋ, ಹೊಸ ಸೀರೆಯ ನಮೂನೆ ಬರುತ್ತದೋ ಎಂದು ಇಲ್ಲಿನ ಅಂಗಡಿಯವರನ್ನು ಕೇಳಿದರೆ, ಅವರು ಮರುಪ್ರಶ್ನೆ ಹಾಕುತ್ತಾರೆ: ಹರಾಜಿನಲ್ಲಿ ಇವತ್ತು ಎಷ್ಟು ಹೋಯಿತು?

ಹರಾಜಿನ ಆ ಸಂಖ್ಯೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತಂಬಾಕು ಮಂಡಳಿ 1975ರ ಕಾಯ್ದೆಯಿಂದ ಬಂದದ್ದು, ಅದರ ಕೇಂದ್ರ ಕಚೇರಿ ಗುಂಟೂರಿನಲ್ಲಿ. ಪ್ರತಿ ವರ್ಷ ನಾಟಿಗೆ ಮುಂಚೆ ಮಂಡಳಿ ಸಿಗರೇಟು ಕಂಪನಿಗಳನ್ನೂ ರಫ್ತುದಾರರನ್ನೂ ಕೇಳುತ್ತದೆ: ಬರುವ ಹಂಗಾಮಿಗೆ ನಿಮಗೆ ಎಷ್ಟು ಸೊಪ್ಪು ಬೇಕು? ಅವರು ಕೊಟ್ಟ ಲೆಕ್ಕ, ಹಳೆಯ ದಾಸ್ತಾನು, ಹೊರದೇಶದ ಪರಿಸ್ಥಿತಿ ಎಲ್ಲ ಸೇರಿಸಿ ರಾಜ್ಯಕ್ಕೆ ಬೆಳೆಯ ಪ್ರಮಾಣ ನಿಗದಿಯಾಗುತ್ತದೆ. ಈಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಅದು 10 ಕೋಟಿ ಕೆ.ಜಿ. ಆಸುಪಾಸು. ಅದನ್ನು ಲೈಸೆನ್ಸ್ ಇರುವ ಬ್ಯಾರನ್‌ಗಳಿಗೆ, ಅಂದರೆ ಸೊಪ್ಪು ಹದ ಮಾಡುವ ಗೂಡುಗಳಿಗೆ, ಹಂಚುತ್ತಾರೆ. ಅದಕ್ಕಿಂತ ಹೆಚ್ಚು ಬೆಳೆದರೆ ದಂಡ. ಲೈಸೆನ್ಸ್ ಇಲ್ಲದವರೂ ಬೆಳೆಯುತ್ತಾರೆ, ಅವರಿಗೂ ದಂಡ. ಬೆಳೆ ಕಡಿಮೆಯಾಗಿ ಬೇಡಿಕೆ ಹೆಚ್ಚಿದ ವರ್ಷ ಆ ದಂಡ ಮನ್ನಾ ಆಗುವುದೂ ಉಂಟು.

ಅಂದರೆ ಪಿರಿಯಾಪಟ್ಟಣದ ಕೆಂಪು ಹಗುರ ಮಣ್ಣಿನಲ್ಲಿ ಮೇ ತಿಂಗಳಲ್ಲಿ ಎಷ್ಟು ಸಸಿ ನೆಡಬೇಕು ಎಂಬುದು, ಮುಂದಿನ ವರ್ಷ ಯಾವುದೋ ದೇಶದಲ್ಲಿ ಎಷ್ಟು ಜನ ಸಿಗರೇಟು ಹಚ್ಚುತ್ತಾರೆ ಎಂಬ ಊಹೆಯ ಮೇಲೆ ನಿಂತಿದೆ. ನಮ್ಮ ಸೀಮೆಯಲ್ಲಿ ಗ್ರಾಹಕರ ಒಲವಿನ ಭವಿಷ್ಯ ಎಂದರೆ ಇದೇ. ಊಹೆ ಸರಿಯಾದರೆ ಲಾಭ ಎಲ್ಲರಿಗೂ ಹಂಚಿಹೋಗುತ್ತದೆ. ತಪ್ಪಿದರೆ ನಷ್ಟ ಮಾತ್ರ ಬ್ಯಾರನ್ ಮುಂದೆ ಸೌದೆ ಒಟ್ಟಿದವನ ಪಾಲು.

ಬ್ಯಾರನ್ ಮುಂದೆ ರಾತ್ರಿ ಕಳೆದವರಿಗೆ ಗೊತ್ತು ಆ ಕೆಲಸ. ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಗೂಡಿನೊಳಗೆ ಸಾಲುಸಾಲಾಗಿ ಏರಿಸಿ ಬಾಗಿಲು ಹಾಕಿದರೆ ಐದಾರು ದಿನ ಬೆಂಕಿ ಆರುವಂತಿಲ್ಲ. ಮೊದಲು ಸಣ್ಣ ಕಾವಿನಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಕೊನೆಗೆ ನರ ಒಣಗಬೇಕು. ನೂರರ ಹತ್ತಿರದಿಂದ ನೂರರವತ್ತು ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಕಾವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಒಂದು ತೂಕಡಿಕೆಗೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಗ್ರೇಡು ಹೋಯಿತು. ಚಿಕ್ಕಂದಿನಲ್ಲಿ ಒಲೆಯ ಬಾಯಿಯ ಎದುರು ಗೋಣಿಚೀಲದ ಮೇಲೆ ಮಲಗಿ, ಗಾಜಿನ ಕಿಂಡಿಗೆ ಟಾರ್ಚು ಬಿಟ್ಟು ಥರ್ಮಾಮೀಟರ್ ಓದಿ ಹೇಳುವ ಕೆಲಸ ನನ್ನದಾಗಿತ್ತು. ಆ ಸಂಖ್ಯೆಯನ್ನು ತಪ್ಪಿಲ್ಲದೆ ಓದುವುದು ನಮ್ಮ ಕೈಯಲ್ಲಿತ್ತು. ಮುಂದಿನ ಸಂಖ್ಯೆ, ಹರಾಜಿನಲ್ಲಿ ಸೊಪ್ಪಿನ ಬೇಲಿನ ಮೇಲೆ ಬೀಳುವ ದರ, ನಮ್ಮ ಕೈಯಲ್ಲಿರಲಿಲ್ಲ. ಕೂಗಿ ಹರಾಜು ಹಾಕುತ್ತಿದ್ದ ಕಾಲ ಹೋಗಿ ಈಗ ಕಟ್ಟೆಮಳಲವಾಡಿಯಲ್ಲೂ ಕಂಪಲಾಪುರದಲ್ಲೂ ಎಲೆಕ್ಟ್ರಾನಿಕ್ ಹರಾಜು. ದರ ಪರದೆಯ ಮೇಲೆ ಮೂಡುತ್ತದೆ, ದುಡ್ಡು ಬ್ಯಾಂಕಿಗೆ ಬೀಳುತ್ತದೆ. ತಂತ್ರಜ್ಞಾನ ದರವನ್ನು ಎಲ್ಲರಿಗೂ ಕಾಣಿಸಿತು. ದರದ ಹಿಂದಿನ ಕಾರಣ ಮಾತ್ರ ಇನ್ನೂ ಕಾಣುತ್ತಿಲ್ಲ, ಯಾರೂ ಕೊಳ್ಳದೆ ‘ನೋ ಬಿಡ್’ ಆದ ಬೇಲನ್ನು ವಾಪಸು ಹೊತ್ತು ತರುವವನಿಗೆ ಏಕೆ ಎಂದು ಯಾರೂ ಹೇಳುವುದಿಲ್ಲ.

ಬ್ರೆಜಿಲ್, ಜಿಂಬಾಬ್ವೆಯ ಫಸಲು ಇಳಿದರೆ ಇಲ್ಲಿ ದರ ಏರುತ್ತದೆ. 2023-24ರ ಹಂಗಾಮಿನಲ್ಲಿ ಕರ್ನಾಟಕದ ಸರಾಸರಿ ದರ ಕೆ.ಜಿ.ಗೆ 250 ರೂಪಾಯಿ ದಾಟಿತು. ಅಂಥ ವರ್ಷದಲ್ಲಿ ಎಲ್ಲರ ಮುಖದಲ್ಲೂ ನಗು ಇರುತ್ತದೆ, ಭವಿಷ್ಯದ ಮಾತು ಯಾರಿಗೂ ಬೇಡವಾಗುತ್ತದೆ. ಆದರೆ ಮುಂದಿನ ದಾರಿ ಸುಮಾರಾಗಿ ಕಾಣುತ್ತಲೇ ಇದೆ. 2014ರಲ್ಲಿ ಜಪಾನಿನ ನಗೋಯಾ ನಗರದಲ್ಲಿ ಒಂದು ಬಹುರಾಷ್ಟ್ರೀಯ ಕಂಪನಿ ತಂಬಾಕನ್ನು ಸುಡದೆ ಬಿಸಿ ಮಾಡುವ ಸಾಧನವನ್ನು ಮಾರಾಟಕ್ಕಿಟ್ಟಿತು. ಇಂದು ಅದು ಆ ದೇಶದ ಸಿಗರೇಟು ಮಾರುಕಟ್ಟೆಯನ್ನೇ ಅಲುಗಾಡಿಸಿದೆ. ತುಟಿಯ ಕೆಳಗಿಟ್ಟುಕೊಳ್ಳುವ ನಿಕೋಟಿನ್ ಚೀಲಗಳಿಗೆ ಎಲೆಯ ಬಣ್ಣ, ಹದ, ಗ್ರೇಡು ಯಾವುದೂ ಬೇಕಿಲ್ಲ. ಭಾರತ 2019ರಲ್ಲೇ ಇ-ಸಿಗರೇಟು ನಿಷೇಧಿಸಿತು, ಅದು ಸರಿಯಾದ ಕೆಲಸ. ಆದರೆ ಹೊರಗೆ ಹೋಗುವ ಸೊಪ್ಪಿನ ಗ್ರಾಹಕ ನಮ್ಮ ಕಾನೂನಿನ ಆಚೆ ಇದ್ದಾನೆ. ಪಕ್ಕದ ಮಾಲ್ಡೀವ್ಸ್ 2025ರ ನವೆಂಬರ್‌ನಿಂದ, 2007ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ತಂಬಾಕು ಮಾರುವುದನ್ನೇ ನಿಲ್ಲಿಸಿದೆ. ನಮ್ಮಲ್ಲಿ 2026ರ ಫೆಬ್ರವರಿ 1ರಿಂದ ಸಿಗರೇಟಿಗೆ ಶೇ 40 ಜಿ.ಎಸ್‌.ಟಿ., ಅದರ ಮೇಲೆ ಅಬಕಾರಿ ಸುಂಕ. ಸೇದುವವರು ಕಡಿಮೆಯಾಗಲಿ ಎಂದೇ ನಾನೂ ಬಯಸುತ್ತೇನೆ. ಕ್ಯಾನ್ಸರ್ ಕಂಡ ಮನೆಗಳು ಸೊಪ್ಪು ಬೆಳೆಯುವ ಊರುಗಳಲ್ಲೂ ಇವೆ. ಆದರೆ ಹಾಗೆ ಬಯಸುವವರು ಬ್ಯಾರನ್ ಕಟ್ಟಲು ಸಾಲ ತೆಗೆದವನಿಗೆ ಹತ್ತು ವರ್ಷ ಮುಂಚೆಯೇ ಬಾಯಿಬಿಟ್ಟು ಹೇಳಬೇಕಿತ್ತು.

ಬೇರೆ ಬೆಳೆಗೆ ಹೋಗಿ ಎಂದು ರೈತನಿಗೆ ಹೇಳುವುದು ಯಾವಾಗಲೂ ದರ ಬಿದ್ದ ವರ್ಷದಲ್ಲಿ, ಅವನ ಕೈಯಲ್ಲಿ ಬಿಡಿಗಾಸೂ ಇಲ್ಲದಾಗ. ಬದಲಾಗುವ ಶಕ್ತಿ ಇರುವುದು ಒಳ್ಳೆಯ ದರ ಸಿಕ್ಕ ವರ್ಷದಲ್ಲಿ. ಆಗ ಯಾವ ಕಚೇರಿಯೂ ಹಳ್ಳಿಗೆ ಬರುವುದಿಲ್ಲ.

ದೂರದವರ ಬೇಡಿಕೆಯ ಮೇಲೆ ಬದುಕುವುದು ಹುಣಸೂರಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಅಮೃತಮಹಲ್ ದನಗಳ ಕೇಂದ್ರ. ಸೈನ್ಯಕ್ಕೆ ಬೇಕಾದ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೊಠಾರ ಅಲ್ಲಿದ್ದವು. 1860ರ ದಶಕದಲ್ಲಿ ಸರ್ಕಾರ ಅವನ್ನು ಮುಚ್ಚಿತು. ಕೊಡಗಿನ ಕಾಫಿ ಹಸನು ಮಾಡುವ ಕೆಲಸ ಮತ್ತು ಗಾಡಿ ಕಟ್ಟುವ ಕೆಲಸ ಉಳಿದುಕೊಂಡವು. ಹುಣಸೂರಿನ ಎತ್ತಿನಗಾಡಿಗೆ ಹೆಸರಿತ್ತು. ಸೈನ್ಯದ ಬೂಟು ಬೇಡವಾದ ದಿನ ಆ ಚರ್ಮದ ಕೆಲಸಗಾರರಿಗೆ ಮುಂಚಿತವಾಗಿ ಯಾರು ಹೇಳಿದ್ದರು?

ಶುಂಠಿಯದು ಬೇರೆಯೇ ಕಥೆ. ಅದರ ಭವಿಷ್ಯವನ್ನು ಯಾವ ಮಂಡಳಿಯೂ ಬರೆಯುವುದಿಲ್ಲ, ಪಕ್ಕದ ಹೊಲದವನ ಲಾಭವೇ ಬರೆಯುತ್ತದೆ. ಕೇರಳದಿಂದ ಬಂದವರು ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಭೂಮಿಯನ್ನು ಗುತ್ತಿಗೆಗೆ ಹಿಡಿದು ತೋರಿಸಿಕೊಟ್ಟ ಬೆಳೆ ಅದು. 2023ರಲ್ಲಿ 60 ಕೆ.ಜಿ. ಚೀಲ ಹತ್ತು ಸಾವಿರ ರೂಪಾಯಿ ದಾಟಿತು. ಆ ಸುದ್ದಿ ಕೇಳಿ ಸೊಪ್ಪಿನ ಹೊಲಕ್ಕೂ ಶುಂಠಿ ಇಳಿಯಿತು, ಬಿತ್ತನೆ ಗೆಡ್ಡೆಯ ಬೆಲೆಯೇ ಚಿನ್ನವಾಯಿತು. 2025ರ ಹೊತ್ತಿಗೆ ಅದೇ ಚೀಲಕ್ಕೆ ಅದರ ಕಾಲು ಭಾಗವೂ ಸಿಗಲಿಲ್ಲ, ಜೊತೆಗೆ ಎಲೆಚುಕ್ಕೆಯ ರೋಗ. ಇದರಲ್ಲಿ ನಿಗೂಢವೇನೂ ಇಲ್ಲ. ದರ ಏರಿದ ವರ್ಷ ಎಲ್ಲರೂ ಹಾಕುತ್ತಾರೆ, ಎಲ್ಲರ ಫಸಲೂ ಒಟ್ಟಿಗೆ ಬರುತ್ತದೆ. ಈಗ ಕೈ ಸುಟ್ಟುಕೊಂಡವರು ಶುಂಠಿಯನ್ನು ಬಿಡುತ್ತಿದ್ದಾರೆ. ನನ್ನ ಅಂದಾಜು ಕೇಳಿದರೆ, ಒಂದೆರಡು ವರ್ಷದಲ್ಲಿ ಶುಂಠಿ ಮತ್ತೆ ಏರುತ್ತದೆ, ಹೊಸಬರು ಮತ್ತೆ ಮುಗಿಬೀಳುತ್ತಾರೆ. ತಾಲ್ಲೂಕಿನಲ್ಲಿ ಎಷ್ಟು ಎಕರೆ ಶುಂಠಿ ಬಿದ್ದಿದೆ ಎಂಬ ಒಂದೇ ಒಂದು ಲೆಕ್ಕವನ್ನು ಬಿತ್ತನೆಯ ಹದಿನೈದು ದಿನದೊಳಗೆ ಪಂಚಾಯಿತಿಯ ಗೋಡೆಗೆ ಅಂಟಿಸಿದರೂ ಸಾಕು, ಎಷ್ಟೋ ಮನೆ ಉಳಿದಾವು.

ಇನ್ನು ಕೆಲವರು ಅಡಿಕೆ ಕಡೆ ತಿರುಗಿದ್ದಾರೆ. ಹೊಗೆಸೊಪ್ಪಿನ ಹೊಲದ ಮಧ್ಯೆ ಅಡಿಕೆ ಸಸಿಯ ಸಾಲು ಈಗ ಎಲ್ಲೆಲ್ಲೂ ಕಾಣುತ್ತದೆ. ಕೂಲಿ ಸಿಗದ ಕಾಲಕ್ಕೆ ಅದು ಹೊಂದುತ್ತದೆ, ಮಕ್ಕಳು ಬೆಂಗಳೂರಿನಲ್ಲಿದ್ದರೂ ತೋಟ ನಿಲ್ಲುತ್ತದೆ. ಆದರೆ ಇಂದು ನೆಟ್ಟ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಅದನ್ನು ನೆಡುವವನು 2032ರ ಗ್ರಾಹಕನನ್ನು ಊಹಿಸುತ್ತಿದ್ದಾನೆ. ಆ ಗ್ರಾಹಕ ಜಗಿಯುವವನು. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕದ ಹಿಂದೆಯೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ತಂಬಾಕಿಗೆ ಬಂದ ಕಾನೂನು ಮುಂದೊಂದು ದಿನ ಅಡಿಕೆಗೂ ಬಂದರೆ, ಹುಣಸೂರಿನ ಮಣ್ಣು ಎರಡನೇ ಸಲ ಅದೇ ದಾರಿಯ ತುದಿಯಲ್ಲಿ ನಿಲ್ಲುತ್ತದೆ. ನನ್ನನ್ನು ಹೆಚ್ಚು ಕಾಡುವ ಭವಿಷ್ಯ ಇದು.

ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ವರ್ಷಫಲವನ್ನು ಬೇರೆ ರೀತಿಯಲ್ಲಿ ಹೊತ್ತು ತಿರುಗುವ ಜನರಿದ್ದಾರೆ. 1960ರಲ್ಲಿ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ಬೈಲಕುಪ್ಪೆಯ ಟಿಬೆಟಿಯನ್ನರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಜೋಳದಿಂದ ಹೊಟ್ಟೆ ತುಂಬದಾದಾಗ ಸ್ವೆಟರ್ ವ್ಯಾಪಾರ ಹಿಡಿದರು. ಬೇಸಿಗೆಯ ಸೆಕೆಯಲ್ಲೇ ಲೂಧಿಯಾನದ ಕಾರ್ಖಾನೆಯವರ ಬಳಿ ಕೂತು, ಬರುವ ಚಳಿಗಾಲಕ್ಕೆ ಯಾವ ಬಣ್ಣ ಓಡುತ್ತದೆ, ಜಿಪ್ಪೋ ಗುಂಡಿಯೋ, ಹುಡುಗಿಯರಿಗೆ ಉದ್ದ ತೋಳೋ ಗಿಡ್ಡವೋ ಎಂದು ನಿರ್ಧರಿಸಿ, ಸಾಲಕ್ಕೆ ಸರಕು ಎತ್ತುತ್ತಾರೆ. ದಸರೆ ಕಳೆಯುತ್ತಿದ್ದಂತೆ ಊರೂರಿನ ಫುಟ್‌ಪಾತು ಸೇರುತ್ತಾರೆ. ಡಿಸೆಂಬರ್ ಬೆಚ್ಚಗಾದರೆ ಸರಕು ಗಂಟಿನಲ್ಲೇ ಉಳಿಯುತ್ತದೆ. ಬೇಡಿಕೆಯನ್ನು ಮುಂದಾಗಿ ಓದುವ ವಿದ್ಯೆ ಅವರಿಗೆ ಮೂರು ತಲೆಮಾರಿನಿಂದ ಬಂದದ್ದು. 2026ರ ಫೆಬ್ರವರಿ 18ರ ಲೋಸರ್ ಹಬ್ಬಕ್ಕೆ ಅವರಿಗೆ ಬೆಂಕಿ-ಕುದುರೆಯ ವರ್ಷ ಹುಟ್ಟಿತು. ಇನ್ನೊಂದು ತಿಂಗಳಿಗೆ ನಮ್ಮ ಪರಾಭವ. ಒಂದೇ ತಾಲ್ಲೂಕು, ಎರಡು ಹೊಸ ವರ್ಷ.

ಕೆ.ಆರ್. ನಗರಕ್ಕೆ ಬಂದರೆ ಮಾತು ನಾಲೆಯದು. ಭತ್ತದ ಕಣಜದಲ್ಲಿ ಜನ ನೋಡುವುದು ಕಾವೇರಿಯಲ್ಲಿ ಎಷ್ಟು ನೀರು ಬರುತ್ತದೆ, ನಾಲೆಗೆ ಯಾವಾಗ ಬಿಡುತ್ತಾರೆ ಎಂಬುದನ್ನು. ಬ್ಲಾನ್‌ಫರ್ಡ್‌ನ ಹಿಮದ ಲೆಕ್ಕ ಎಲ್ಲಿಗೆ ಬಂದಿದೆ ನೋಡಿ: 2025ರಲ್ಲಿ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಕೃತಕ ಬುದ್ಧಿಮತ್ತೆಯಿಂದ ತೆಗೆದ ಮುಂಗಾರಿನ ಮುನ್ಸೂಚನೆಯನ್ನು ಮೊಬೈಲಿಗೆ ಕಳಿಸಿತು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಆಮೇಲೆ ನಡುದಾರಿಯಲ್ಲಿ ನಿಂತುಬಿಟ್ಟಿತು. ಹಾಗೆ ನಿಲ್ಲುತ್ತದೆ ಎಂಬುದನ್ನೂ ಆ ಸಂದೇಶಗಳು ಹೇಳಿದ್ದವು. ನಮ್ಮ ರಾಜ್ಯದ ವರುಣ ಮಿತ್ರ ಸಹಾಯವಾಣಿ ಕನ್ನಡದಲ್ಲೇ ಮಳೆ ಹೇಳುತ್ತದೆ. ಇದು ನಿಜವಾದ ಗಳಿಕೆ. ಇದೇ ಯಂತ್ರ, ಇದೇ ಮೊಬೈಲು ಬೆಲೆಯ ಬಗ್ಗೆಯೂ ಹೀಗೆ ಮುಂಚಿತವಾಗಿ ಮಾತಾಡುವ ಕಾಲ ದೂರವಿಲ್ಲ. ಆದರೆ ಅದಕ್ಕೆ ಬೇಕಾದ ಲೆಕ್ಕ, ದಾಸ್ತಾನು ಎಷ್ಟು, ಕಂಪನಿಗಳು ಕೇಳಿದ್ದು ಎಷ್ಟು, ಯಾವ ದೇಶ ಕೈಬಿಟ್ಟಿತು ಎಂಬುದನ್ನು ಬಚ್ಚಿಡದೆ ಕೊಡಬೇಕು.

ಎಚ್.ಡಿ. ಕೋಟೆಯಲ್ಲಿ ಹತ್ತಿ, ಸೊಪ್ಪು, ಕಬಿನಿ ದಂಡೆಯ ರೆಸಾರ್ಟು. ಅಲ್ಲಿ ಮುಂದಿನ ವರ್ಷದ ಲೆಕ್ಕ ಹುಲಿಯದು. 2025ರಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಜನ ಸತ್ತು, ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಯ ಸಫಾರಿ ನಿಂತಿತು. ಕಾಡಂಚಿನವರ ಸಿಟ್ಟಿಗೆ ಕಾರಣವಿತ್ತು. ಜೀಪು ಓಡಿಸುವ, ರೂಮು ಒರೆಸುವ ಹಾಡಿಯ ಹುಡುಗರ ಕೂಲಿಯೂ ಅದರೊಡನೆ ಹೋಯಿತು.

ಯುಗಾದಿಯ ಮರುದಿನಗಳಲ್ಲಿ ನಮ್ಮ ಕಡೆ ವರ್ಷದ ಮೊದಲ ಉಳುಮೆಯ ಹೊನ್ನಾರು ಕಟ್ಟುತ್ತಾರೆ. ಪಂಚಾಂಗ ನೋಡಿ ಯಾರ ಹೆಸರಿಗೆ ಬಂದಿದೆಯೋ ಅವರ ಜೋಡೆತ್ತು ಮುಂದೆ, ಊರಿನ ಉಳಿದ ನೇಗಿಲು ಹಿಂದೆ. ಎತ್ತು ಕಡಿಮೆಯಾದ ಊರುಗಳಲ್ಲಿ ಟ್ರ್ಯಾಕ್ಟರಿಗೇ ಮಾವಿನ ತೋರಣ. ವರ್ಷ ಆಗ ಶುರುವಾಯಿತು ಎಂದುಕೊಳ್ಳುತ್ತೇವೆ. ಆದರೆ ಸೊಪ್ಪಿನ ಬೀಜ ಆ ಹೊತ್ತಿಗೆ ಮಡಿಯಲ್ಲಿ ಬಿದ್ದು ದಿನಗಳಾಗಿರುತ್ತವೆ. ಒಂದು ಗ್ರಾಂಗೆ ಹತ್ತು ಸಾವಿರ ಕಾಳು, ಉಗುರಿನ ಮೇಲೆ ಇಟ್ಟರೆ ಧೂಳು ಎನ್ನಬೇಕು. ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಅವು ಈಗಾಗಲೇ ಎರಡೆಲೆ ಬಿಟ್ಟಿವೆ. ಹೆಂಗಸರು ಬೆಳಿಗ್ಗೆ ಸಂಜೆ ಹೂಜಿಯಲ್ಲಿ ನೀರು ಚಿಮುಕಿಸುತ್ತಾರೆ. ಅರವತ್ತು ದಿನಕ್ಕೆ ಸಸಿ ಹದಕ್ಕೆ ಬರುತ್ತದೆ, ಅಷ್ಟರಲ್ಲಿ ಭರಣಿ ಮಳೆ ಬೀಳಬೇಕು. ಎಷ್ಟು ಟ್ರೇ ಇಟ್ಟಿದ್ದೀರಿ ಎಂದು ಕಳೆದ ವಾರ ಒಬ್ಬ ಹೆಂಗಸನ್ನು ಕೇಳಿದೆ. ಹೋದ ವರ್ಷಕ್ಕಿಂತ ಹತ್ತು ಕಡಿಮೆ ಎಂದರು, ಕಾರಣ ಹೇಳಲಿಲ್ಲ, ಹೂಜಿ ತುಂಬಿಕೊಳ್ಳಲು ತೊಟ್ಟಿಯ ಕಡೆಗೆ ಹೋದರು.